ಯಮಂಬಾಳ ಒಲೆಯ ಮುಂದೆ

ಜಪಾನಿನ ಬೆಟ್ಟಗಳಲ್ಲಿ ಒಬ್ಬ ಮುದುಕಿ ಇದ್ದಾಳೆ. ಯಮಂಬಾ ಎಂದು ಅವಳ ಹೆಸರು. ಯಮಉಬಾ ಎಂದೂ ಕರೆಯುತ್ತಾರೆ. ಕೆದರಿದ ಕೂದಲು, ಅಗಲ ಬಾಯಿ, ಮೈಮೇಲೆ ಚಿಂದಿ ಬಟ್ಟೆ. ಹೊತ್ತು ಮುಳುಗಿದ ಮೇಲೆ ಬೆಟ್ಟದಲ್ಲಿ ದಾರಿ ತಪ್ಪಿದವನಿಗೆ ಮರಗಳ ನಡುವೆ ಒಂದೇ ಒಂದು ದೀಪ ಕಂಡರೆ ಅದು ಅವಳ ಮನೆಯದು. ಒಳಗೆ ಕರೆಯುತ್ತಾಳೆ, ಬೆಂಕಿಯ ಹತ್ತಿರ ಕೂರಿಸುತ್ತಾಳೆ, ನಡುರಾತ್ರಿ ಎದ್ದು ಕತ್ತಿ ಮಸೆಯುತ್ತಾಳೆ. ಅಜ್ಜಿಯರು ಹೀಗೆ ಹೇಳಿದ ಮೇಲೆ ಯಾವ ಮಗು ತಾನೇ ಹೊದಿಕೆಯಿಂದ ತಲೆ ಆಚೆ ಹಾಕೀತು!

ಆದರೆ ಅದೇ ಸೀಮೆಯ ಜನ ಇನ್ನೊಂದು ಮಾತನ್ನೂ ಹೇಳುತ್ತಾರೆ. ವರ್ಷದ ಕೊನೆಯ ಸಂತೆಗೆ ಅವಳು ಬೆಟ್ಟ ಇಳಿದು ಬರುತ್ತಾಳಂತೆ. ಅವಳ ಕೈಯಿಂದ ಬಂದ ಕಾಸು ಮನೆಯಲ್ಲಿದ್ದರೆ ಸಿರಿ ಕೂಡುತ್ತದಂತೆ. ಜಪಾನಿನ ಮಕ್ಕಳೆಲ್ಲ ಮೆಚ್ಚುವ ಕಿಂತಾರೋ ಎಂಬ ಕೆಂಪು ಮೈಯ ಬಲಶಾಲಿ ಹುಡುಗನನ್ನು ಅಶಿಗರಾ ಬೆಟ್ಟದಲ್ಲಿ ಸಾಕಿ ಬೆಳೆಸಿದವಳೂ ಅವಳೇ. ತಿನ್ನುವವಳು, ಕೊಡುವವಳು, ಹೆತ್ತು ಸಾಕಿದವಳು. ಒಬ್ಬಳೇ ಹೆಂಗಸಿನ ಬಗ್ಗೆ ಇಷ್ಟು ಬಗೆಯ ಮಾತು ಕೇಳಿದ ಮೇಲೆ ಇವಳು ನಿಜಕ್ಕೂ ಎಂಥವಳು ಎಂದು ತಿಳಿಯುವ ಆಸೆ ಆಗದೆ ಇದ್ದೀತೆ?

ವಿದ್ವಾಂಸರು ಅವಳ ಮೂಲ ಹುಡುಕಿದ್ದಾರೆ. ಬೆಟ್ಟದ ದೇವರನ್ನು ಪೂಜಿಸಿ ಸಾಕುತ್ತಿದ್ದ ಕನ್ಯೆಯೇ ಕಾಲ ಸರಿದಂತೆ ಕತೆಗಳಲ್ಲಿ ಮುದುಕಿಯಾದಳು ಎಂದು ಓರಿಕುಚಿ ಶಿನೊಬು ಹೇಳಿದರು. ಮನೆ ಬಿಟ್ಟು ಬೆಟ್ಟ ಸೇರಿದ ನಿಜವಾದ ಹೆಂಗಸರ ನೆನಪು ಈ ಕತೆಗಳಲ್ಲಿದೆ ಎಂಬ ಕಡೆಗೆ ಯಾನಾಗಿತಾ ಕುನಿಯೊ ಒಲಿದರು. ದುಡಿಯಲಾರದ ಮುದುಕಿಯರನ್ನು ಬರಗಾಲದಲ್ಲಿ ಬೆಟ್ಟಕ್ಕೆ ಹೊತ್ತು ಬಿಟ್ಟು ಬರುತ್ತಿದ್ದರು ಎಂಬ ಐತಿಹ್ಯವನ್ನು ಅವಳಿಗೆ ಜೋಡಿಸುವವರೂ ಇದ್ದಾರೆ. ಈ ಮಾತುಗಳನ್ನೆಲ್ಲ ನಾನು ಗೌರವದಿಂದ ಓದುತ್ತೇನೆ. ಆದರೆ ಒಬ್ಬರ ಹುಟ್ಟೂರು ತಿಳಿದ ಮಾತ್ರಕ್ಕೆ ಅವರ ಮನಸ್ಸು ತಿಳಿಯುವುದಿಲ್ಲ. ಮನಸ್ಸು ತಿಳಿಯಬೇಕಾದರೆ ಅವರ ಮನೆಗೆ ಹೋಗಬೇಕು, ಯಾರೂ ನೋಡುತ್ತಿಲ್ಲ ಎಂದುಕೊಂಡಾಗ ಅವರು ಏನು ಮಾಡುತ್ತಾರೆಂದು ನೋಡಬೇಕು. ಯಮಂಬಾಳ ವಿಷಯದಲ್ಲಿ ಆ ಭಾಗ್ಯವನ್ನು ಒಂದು ಜನಪದ ಕತೆ ನಮಗೆ ಒದಗಿಸಿದೆ.

ಎತ್ತು ಹೊಡೆಯುವವನ ಕತೆ ಅದು. ಒಬ್ಬ ಎತ್ತಿನ ಮೇಲೆ ಉಪ್ಪುಮೀನು ಹೇರಿಕೊಂಡು ಬೆಟ್ಟದ ದಾರಿಯಲ್ಲಿ ಹೋಗುತ್ತಿದ್ದಾನೆ. ಯಮಂಬಾ ಎದುರಾಗುತ್ತಾಳೆ. ಒಂದು ಮೀನು ಕೊಡು ಎನ್ನುತ್ತಾಳೆ. ಕೊಡುತ್ತಾನೆ. ಇನ್ನೊಂದು ಕೊಡು ಎನ್ನುತ್ತಾಳೆ. ಹೀಗೆ ಹೇರಿದ ಮೀನೆಲ್ಲ ಮುಗಿಯುತ್ತದೆ, ಎತ್ತೂ ಮುಗಿಯುತ್ತದೆ, ಇನ್ನು ನಿನ್ನನ್ನು ತಿನ್ನುತ್ತೇನೆ ಎಂದು ಬೆನ್ನಟ್ಟುತ್ತಾಳೆ. ಅವನು ಓಡಿ ಓಡಿ ಒಂದು ಒಂಟಿ ಮನೆ ಸೇರಿ ಅಟ್ಟ ಹತ್ತಿ ಅಡಗುತ್ತಾನೆ. ಅದು ಅವಳದೇ ಮನೆ. ಸ್ವಲ್ಪ ಹೊತ್ತಿಗೆ ಬಾಗಿಲ ಸದ್ದಾಗುತ್ತದೆ.

ಇಲ್ಲಿಂದ ಮುಂದಿನದನ್ನು ನಾನು ಎಷ್ಟು ಸಲ ಓದಿದರೂ ಅಲ್ಲೇ ನಿಲ್ಲುತ್ತೇನೆ. ಬೇಟೆ ತಪ್ಪಿಸಿಕೊಂಡ ರಕ್ಕಸಿ ಒಳಗೆ ಬಂದು ಹಲ್ಲು ಕಡಿಯುವುದಿಲ್ಲ, ಶಾಪ ಹಾಕುವುದಿಲ್ಲ. ಚಳಿಯಪ್ಪಾ ಚಳಿ ಎನ್ನುತ್ತಾಳೆ. ನೆಲದಲ್ಲೇ ತೋಡಿದ ಒಲೆಯಲ್ಲಿ ಬೆಂಕಿ ಹೊತ್ತಿಸುತ್ತಾಳೆ. ಅಂಟಕ್ಕಿ ಕುಟ್ಟಿ ಮಾಡಿದ ಮೋಚಿಯನ್ನು ಕೆಂಡಕ್ಕೆ ಹಿಡಿದು ಸುಡುತ್ತಾಳೆ. ಸುಡುತ್ತ ಸುಡುತ್ತ ಬೆಂಕಿಯ ಕಾವಿಗೆ ತೂಕಡಿಸುತ್ತಾಳೆ. ಅಟ್ಟದ ಮೇಲಿನವನು ಚಾವಣಿಯ ಜೊಂಡು ಒಂದನ್ನು ಕಿತ್ತು, ಕೆಳಗೆ ಇಳಿಬಿಟ್ಟು, ಮೋಚಿಯನ್ನು ಚುಚ್ಚಿ ಎತ್ತಿಕೊಂಡು ತಿನ್ನುತ್ತಾನೆ. ಎಚ್ಚರವಾದವಳು ಯಾರು ತೆಗೆದದ್ದು ಎಂದು ಕೇಳುತ್ತಾಳೆ. ಬೆಂಕಿ ದೇವರು ಎಂದು ಅವನು ಪಿಸುಗುಟ್ಟುತ್ತಾನೆ. ಬೆಂಕಿ ದೇವರಾದರೆ ಏನು ಮಾಡಲಾಗುತ್ತದೆ ಎಂದು ಸುಮ್ಮನಾಗುತ್ತಾಳೆ. ಬೆಚ್ಚಗೆ ಮಾಡಲು ಇಟ್ಟ ಸಿಹಿ ಸಾಕೆ ಎಂಬ ಅಕ್ಕಿಯ ಪಾನೀಯವನ್ನೂ ಅವನು ಅದೇ ಜೊಂಡಿನಿಂದ ಹೀರುತ್ತಾನೆ. ಅದೂ ಬೆಂಕಿ ದೇವರ ಪಾಲಿಗೆ ಹೋಗುತ್ತದೆ. ಇನ್ನು ಮಲಗುವುದು, ಕಲ್ಲಿನ ಪೆಟ್ಟಿಗೆಯಲ್ಲಿ ಮಲಗಲೋ ಮರದ ಪೆಟ್ಟಿಗೆಯಲ್ಲಿ ಮಲಗಲೋ ಎಂದು ತನ್ನಷ್ಟಕ್ಕೆ ಕೇಳಿಕೊಳ್ಳುತ್ತಾಳೆ. ಮರದ ಪೆಟ್ಟಿಗೆಯಲ್ಲಿ ಎಂದು ಮೇಲಿನಿಂದ ಉತ್ತರ ಬರುತ್ತದೆ. ಹಾಗೇ ಆಗಲಿ ಎಂದು ಒಳಗೆ ಹೋಗಿ ಮಲಗುತ್ತಾಳೆ. ಅವನು ಇಳಿದು ಬಂದು ಮುಚ್ಚಳಕ್ಕೆ ತೂತು ಕೊರೆಯುತ್ತಾನೆ. ಕಿರಿಕಿರಿ ಹುಳ ಕೂಗುತ್ತಿದೆ, ನಾಳೆ ಒಳ್ಳೆ ಬಿಸಿಲು ಎಂದು ಒಳಗಿನಿಂದ ಅವಳ ಮಾತು ಕೇಳಿಸುತ್ತದೆ. ಆ ತೂತಿನೊಳಗೆ ಅವನು ಕುದಿಯುವ ನೀರು ಸುರಿಯುತ್ತಾನೆ. ಕತೆ ಮುಗಿಯುತ್ತದೆ.

ಒಂಟಿಯಾಗಿ ಬಾಳುವವರ ಮನೆಗೆ ಹೋದವರಿಗೆ ಇದು ಗೊತ್ತಿರುತ್ತದೆ: ಅವರು ಗಟ್ಟಿಯಾಗಿ ಮಾತಾಡುತ್ತಾರೆ. ಇವತ್ತು ಏನು ಸಾರು ಮಾಡಲಿ ಎನ್ನುತ್ತಾರೆ, ಕನ್ನಡಕ ಎಲ್ಲಿಟ್ಟೆ ಎನ್ನುತ್ತಾರೆ, ಬಿದ್ದ ಚಮಚಕ್ಕೆ ಬೈಯುತ್ತಾರೆ. ಗೋಡೆಗೆ, ಪಾತ್ರೆಗೆ, ಬೆಕ್ಕಿಗೆ ಮಾತಾಡುವ ಈ ಅಭ್ಯಾಸ ಬುದ್ಧಿ ಕೆಟ್ಟದ್ದರ ಗುರುತಲ್ಲ. ಮಾತು ಇನ್ನೂ ಬತ್ತಿಲ್ಲ ಎಂಬುದರ ಗುರುತು. ಯಮಂಬಾಳೂ ಹಾಗೆಯೇ. ಚಳಿ ಎಂದು ಹೇಳುವುದಕ್ಕೆ ಅವಳಿಗೆ ಯಾರೂ ಇಲ್ಲ, ಆದರೂ ಹೇಳುತ್ತಾಳೆ. ಎಲ್ಲಿ ಮಲಗಲಿ ಎಂದು ಕೇಳುವುದಕ್ಕೆ ಯಾರೂ ಇಲ್ಲ, ಆದರೂ ಕೇಳುತ್ತಾಳೆ. ಎಷ್ಟೋ ಚಳಿಗಾಲ ಕೇಳಿರಬೇಕು. ಯಾವತ್ತೂ ಉತ್ತರ ಬಂದಿರಲಿಲ್ಲ. ಈ ರಾತ್ರಿ ಬಂತು. ಅದು ದೇವರ ದನಿ ಎಂದು ಅವಳು ನಂಬಿದ್ದರಲ್ಲಿ ದಡ್ಡತನ ನನಗೆ ಕಾಣುವುದಿಲ್ಲ. ತನ್ನ ಮನೆಯಲ್ಲಿ ತನ್ನ ಮಾತಿಗೆ ಓಗೊಟ್ಟವರನ್ನು ದೇವರೆಂದು ತಿಳಿಯುವಷ್ಟು ದೊಡ್ಡ ಒಂಟಿತನ ಕಾಣುತ್ತದೆ.

ಈ ಕತೆಯನ್ನು ಹೇಳುವವರು ಹಳ್ಳಿಯವರು. ಎತ್ತು, ಮೀನು ಕಳೆದುಕೊಂಡವನು ಅವರವನು. ಅವನು ಗೆದ್ದದ್ದಕ್ಕೆ ಅವರು ಹಿಗ್ಗಬೇಕಾದದ್ದೇ. ಆದರೂ ಆ ಹಳ್ಳಿಗರು ಅವಳ ಚಳಿಯನ್ನು, ಅವಳ ತೂಕಡಿಕೆಯನ್ನು, ನಾಳೆಯ ಬಿಸಿಲಿನ ಬಗ್ಗೆ ಅವಳಿಗಿದ್ದ ಆಸೆಯನ್ನು ಬಿಡದೆ ಕತೆಯಲ್ಲಿ ಉಳಿಸಿದರಲ್ಲ, ಅದಕ್ಕಾಗಿ ಅವರಿಗೆ ಕೈ ಮುಗಿಯಬೇಕು. ಬರೀ ಭಯ ಹುಟ್ಟಿಸಲು ಇದ್ಯಾವುದೂ ಬೇಕಿರಲಿಲ್ಲ.

ಇನ್ನು ಅವಳ ಹಸಿವು. ಅದನ್ನು ಮುಚ್ಚಿಡುವುದು ಅವಳಿಗೆ ಮಾಡುವ ಅನ್ಯಾಯ. ಯಮಂಬಾಳ ಹಸಿವು ಭಯಂಕರ. ಉಣ್ಣದ ಹೆಂಡತಿಯ ಕತೆಯಲ್ಲಿ ಅದು ಪೂರ್ತಿ ಬಯಲಾಗುತ್ತದೆ. ಒಬ್ಬ ಜಿಪುಣನಿಗೆ ದುಡಿಯುವ, ಆದರೆ ಊಟ ಮಾಡದ ಹೆಂಡತಿ ಬೇಕು. ಅಂಥವಳೇ ಸಿಗುತ್ತಾಳೆ. ದಿನವಿಡೀ ಗೇಯುತ್ತಾಳೆ, ಒಂದು ತುತ್ತನ್ನೂ ಮುಟ್ಟುವುದಿಲ್ಲ. ಆದರೂ ಕಣಜದ ಅಕ್ಕಿ ಇಳಿಯುತ್ತಿದೆ. ಕೆಲಸಕ್ಕೆ ಹೋಗುತ್ತೇನೆಂದು ಹೇಳಿ ಅವನು ಅಡಗಿ ನೋಡುತ್ತಾನೆ. ಅವಳು ದೊಡ್ಡ ಹಂಡೆಯಲ್ಲಿ ಅನ್ನ ಬೇಯಿಸಿ, ಉಂಡೆ ಕಟ್ಟಿ, ತಲೆಗೂದಲು ಬಿಚ್ಚುತ್ತಾಳೆ. ನೆತ್ತಿಯ ಮೇಲೊಂದು ಬಾಯಿ! ಅದರೊಳಕ್ಕೆ ಅನ್ನದುಂಡೆಗಳನ್ನು ಒಂದರ ಹಿಂದೊಂದು ಎಸೆಯುತ್ತಾಳೆ. ಗುಟ್ಟು ತಿಳಿದವನನ್ನು ಅವಳು ತೊಟ್ಟಿಯಲ್ಲಿ ಹಾಕಿ ಬೆಟ್ಟಕ್ಕೆ ಹೊತ್ತೊಯ್ಯುತ್ತಾಳೆ. ಅವನು ಹೇಗೋ ಹಾರಿ ಬಜೆ ಮತ್ತು ಮಾಚಿಪತ್ರೆಯ ಪೊದೆಯಲ್ಲಿ ಅಡಗುತ್ತಾನೆ. ಆ ಗಿಡಗಳ ವಾಸನೆ ಅವಳಿಗೆ ಆಗದು, ಹಿಂದೆ ಸರಿಯುತ್ತಾಳೆ. ಐದನೇ ತಿಂಗಳ ಐದನೇ ದಿನದ ಹಬ್ಬದಲ್ಲಿ ಜಪಾನಿನವರು ಸೂರಿಗೆ ಬಜೆ, ಮಾಚಿಪತ್ರೆ ಸಿಕ್ಕಿಸುವುದಕ್ಕೆ ಈ ಕತೆಯನ್ನೇ ಕಾರಣವಾಗಿ ಹೇಳುತ್ತಾರೆ. ನಮ್ಮ ಮನೆಗಳಲ್ಲಿ ಕೂಸಿಗೆ ತೇದು ನೆಕ್ಕಿಸುವ ಅದೇ ಬಜೆ.

ಈ ಕತೆಯಲ್ಲಿ ನನಗೆ ಬಾಯಿಗಿಂತ ಕೂದಲು ಹೆಚ್ಚು ಮುಖ್ಯ ಅನ್ನಿಸುತ್ತದೆ. ಉಣ್ಣಬಾರದು ಎಂಬ ಕರಾರಿನ ಮೇಲೆ ಮನೆ ತುಂಬಿದವಳು ತನ್ನ ಹಸಿವನ್ನು ಅಚ್ಚುಕಟ್ಟಾಗಿ ಬಾಚಿ ಗಂಟು ಹಾಕಿಕೊಂಡಿದ್ದಳು. ಎಲ್ಲರಿಗೂ ಬಡಿಸಿ ಕೊನೆಗೆ ಪಾತ್ರೆಯ ತಳ ಕೆರೆದುಕೊಂಡು ಉಂಡ ಹೆಂಗಸರು ಯಾವ ದೇಶದಲ್ಲಿ ಇಲ್ಲ? ಅವರು ಯಾರೂ ಇಲ್ಲದ ಹೊತ್ತಿನಲ್ಲಿ ಕೂದಲು ಬಿಚ್ಚಿ ಹೊಟ್ಟೆ ತುಂಬ ಉಂಡದ್ದನ್ನು ಕಿಂಡಿಯಲ್ಲಿ ಕಂಡ ಗಂಡನಿಗೆ ಅದು ರಾಕ್ಷಸತನವಾಗಿ ತೋರಿತು. ಯಮಂಬಾ ಅವನನ್ನು ಹೊತ್ತೊಯ್ದದ್ದು ಸರಿ ಎಂದು ನಾನು ಹೇಳುತ್ತಿಲ್ಲ. ಅವಳ ಹಸಿವಿಗೆ ಒಂದು ಚರಿತ್ರೆ ಇತ್ತು ಎನ್ನುತ್ತಿದ್ದೇನೆ.

ಅದೇ ಕೂದಲು ಇನ್ನೊಂದು ಕತೆಯಲ್ಲಿ ಬರುವ ಬಗೆ ನೋಡಿ. ಮಲತಾಯಿ ತೂತು ಚೀಲ ಕೊಟ್ಟು ಹುಡುಗಿಯನ್ನು ಚೆಸ್ಟ್‌ನಟ್ ಆಯಲು ಬೆಟ್ಟಕ್ಕೆ ಅಟ್ಟುತ್ತಾಳೆ. ಚೀಲ ತುಂಬುವುದೇ ಇಲ್ಲ. ಕತ್ತಲಾಗುತ್ತದೆ. ದೀಪ ಕಂಡ ಕಡೆ ಹೋದರೆ ಯಮಂಬಾಳ ಮನೆ. ಮುದುಕಿ ಹುಡುಗಿಯನ್ನು ತಿನ್ನುವುದಿಲ್ಲ. ನನ್ನ ತಲೆಯ ಹೇನು ತೆಗೆಯುತ್ತೀಯಾ ಎಂದು ಕೇಳುತ್ತಾಳೆ. ಹುಡುಗಿ ಹೇಸಿಕೊಳ್ಳದೆ ಕೂತು ತೆಗೆಯುತ್ತಾಳೆ. ಮುದುಕಿ ಅವಳಿಗೆ ಬೇಕಾದ್ದನ್ನೆಲ್ಲ ಕೊಡುವ ಪೆಟ್ಟಿಗೆ ಕೊಟ್ಟು ಕಳಿಸುತ್ತಾಳೆ. ಅದರೊಳಗಿನ ರೇಷ್ಮೆ ಉಡುಪು ಉಟ್ಟ ಹುಡುಗಿಗೆ ಒಳ್ಳೆಯ ಮದುವೆ ಆಗುತ್ತದೆ.

ಹೇನು ತೆಗೆಸಿಕೊಳ್ಳಬೇಕಾದರೆ ಇನ್ನೊಬ್ಬರ ತೊಡೆಯ ಮೇಲೆ ತಲೆ ಇಡಬೇಕು, ಕಣ್ಣು ಮುಚ್ಚಬೇಕು, ಕತ್ತು ಅವರ ಕೈಗೆ ಒಪ್ಪಿಸಬೇಕು. ಜಗಲಿಯ ಮೇಲೆ ಮಧ್ಯಾಹ್ನದ ಹೊತ್ತು ಒಬ್ಬರ ಹಿಂದೊಬ್ಬರು ಕೂತು ತಲೆ ನೋಡಿಕೊಳ್ಳುತ್ತಿದ್ದ ಹೆಂಗಸರನ್ನು ಕಂಡ ಯಾರಿಗೂ ಆ ಬೆರಳುಗಳ ಸುಖದ ಬಗ್ಗೆ ವಿವರಿಸಬೇಕಾಗಿಲ್ಲ. ಯಮಂಬಾ ಈ ಲೋಕದಿಂದ ಬಯಸಿದ್ದು ಅದನ್ನು. ಎತ್ತಿನವನ ಹತ್ತಿರ ಕೇಳಿದ್ದು ಮೊದಲಿಗೆ ಒಂದೇ ಮೀನು. ಹುಡುಗಿಯ ಹತ್ತಿರ ಕೇಳಿದ್ದು ಸ್ವಲ್ಪ ಹೊತ್ತಿನ ಬೆರಳು. ಹೆದರಿ ಕೊಟ್ಟವನಿಂದ ಅವಳಿಗೆ ಎಷ್ಟು ಸಿಕ್ಕರೂ ಸಾಲಲಿಲ್ಲ. ಮನಸಾರೆ ಮುಟ್ಟಿದವಳಿಗೆ ಅವಳೇ ಮನೆಯಲ್ಲಿದ್ದದ್ದನ್ನು ತೆಗೆದುಕೊಟ್ಟಳು.

ಯಾನಾಗಿತಾ 1910ರಲ್ಲಿ ಪ್ರಕಟಿಸಿದ ‘ತೋನೋ ಮೊನೊಗತಾರಿ’ಯಲ್ಲಿ ಒಂದು ಪುಟ್ಟ ಪ್ರಸಂಗವಿದೆ. ಉತ್ತರ ಜಪಾನಿನ ತೋನೋ ಸೀಮೆಯ ಜನ ಹೇಳಿದ ಮಾತುಗಳ ಸಂಗ್ರಹ ಅದು. ಸಮುತೊ ಎಂಬಲ್ಲಿ ಒಬ್ಬ ಹುಡುಗಿ ಪೇರ್ ಮರದ ಕೆಳಗೆ ತನ್ನ ಹುಲ್ಲಿನ ಚಪ್ಪಲಿ ಬಿಟ್ಟು ಕಾಣೆಯಾದಳು. ಮೂವತ್ತಕ್ಕೂ ಹೆಚ್ಚು ವರ್ಷ ಕಳೆದ ಮೇಲೆ ನೆಂಟರಿಷ್ಟರು ಆ ಮನೆಯಲ್ಲಿ ಸೇರಿದ್ದ ದಿನ ಬಹಳ ಮುದಿಯಾಗಿ ಹಿಂದಿರುಗಿದಳು. ಏಕೆ ಬಂದೆ ಎಂದು ಕೇಳಿದರೆ, ಎಲ್ಲರನ್ನೂ ನೋಡಬೇಕು ಅನ್ನಿಸಿತು, ಬಂದೆ, ಇನ್ನು ಹೊರಡುತ್ತೇನೆ ಎಂದು ಹೊರಟೇಬಿಟ್ಟಳು. ಅಂದು ಗಾಳಿ ಜೋರಾಗಿ ಬೀಸುತ್ತಿತ್ತು. ಅದಕ್ಕೇ ಗಾಳಿ ಎದ್ದ ದಿನ ಸಮುತೊ ಮುದುಕಿ ಬರುವಂತಿದೆ ಎಂದು ಆ ಕಡೆಯವರು ಹೇಳುತ್ತಾರಂತೆ. ಪುಸ್ತಕ ಅವಳನ್ನು ಯಮಂಬಾ ಎಂದು ಕರೆಯುವುದಿಲ್ಲ. ಆದರೆ ಬೆಟ್ಟ ಸೇರಿದ ಹೆಂಗಸರ ಮನಸ್ಸಿಗೆ ಇದಕ್ಕಿಂತ ಹತ್ತಿರದ ಸಾಕ್ಷಿ ನನಗೆ ಸಿಕ್ಕಿಲ್ಲ. ಬಂದದ್ದು ಪ್ರೀತಿಯಿಂದ. ಉಳಿಯದೆ ಹೋದದ್ದಕ್ಕೆ ಕಾರಣ ಹೇಳಲಿಲ್ಲ, ಯಾರನ್ನೂ ದೂರಲೂ ಇಲ್ಲ. ನಂಟು ಉಳಿದಿದೆ, ನೆಲೆ ಬೇರೆಯಾಗಿದೆ. ಏಕಾಂತದಲ್ಲಿ ಇರುವವರೆಲ್ಲ ಜನರನ್ನು ದ್ವೇಷಿಸಿ ಹೋದವರು ಎಂದು ತಿಳಿಯುವ ನಮ್ಮ ಆತುರಕ್ಕೆ ಈ ಮುದುಕಿ ಮೂರು ಮಾತಿನಲ್ಲಿ ಉತ್ತರ ಕೊಟ್ಟಿದ್ದಾಳೆ.

ಚಿತ್ರಕಾರರು ಅವಳನ್ನು ಇನ್ನೊಂದು ಬಾಗಿಲಿನಿಂದ ಒಳಗೆ ಕರೆತಂದರು. 1712ರಲ್ಲಿ ಚಿಕಾಮತ್ಸು ತನ್ನ ಬೊಂಬೆಯಾಟದ ನಾಟಕದಲ್ಲಿ ಅವಳನ್ನು ಮಗ ಕಿಂತಾರೋನ ಹೆತ್ತ ತಾಯಿಯನ್ನಾಗಿ ಮೆರೆಸಿದ್ದ. ಆ ಶತಮಾನದ ಕೊನೆಯ ಹೊತ್ತಿಗೆ ಉತಮಾರೊ ಈ ತಾಯಿ ಮಗನನ್ನು ಮತ್ತೆ ಮತ್ತೆ ಮರದಚ್ಚಿನಲ್ಲಿ ತೆಗೆದ. ಅವನ ಯಮಂಬಾ ಚೆಲುವೆ. ಬೆಳ್ಳನೆಯ ಮುಖ, ಹರವಿದ ಕಪ್ಪು ಕೂದಲು. ಒಂದು ಚಿತ್ರದಲ್ಲಿ ಇಟ್ಟಿಗೆ ಬಣ್ಣದ ಮೈಯ ಮಗ ಒಂದು ಮೊಲೆ ಕುಡಿಯುತ್ತ ಇನ್ನೊಂದನ್ನು ಕೈಯಲ್ಲಿ ಹಿಡಿದಿದ್ದಾನೆ. ಕೂಸುಗಳನ್ನು ಕಂಡವರಿಗೆ ಆ ಹಿಡಿತ ಚೆನ್ನಾಗಿ ಗೊತ್ತು: ಇದು ನಂದು, ಇದೂ ನಂದೇ. ಬಾಚದ ಕೂದಲನ್ನು ಉತಮಾರೊ ಅವಳಿಂದ ಕಿತ್ತುಕೊಳ್ಳಲಿಲ್ಲ ಎಂಬುದು ನನಗೆ ಬಹಳ ಇಷ್ಟ. ಪಟ್ಟಣದ ಹೆಂಗಸರ ತುರುಬಿನ ಒಂದೊಂದು ಎಳೆಯನ್ನೂ ಬಿಡಿಸಿ ತೋರಿಸಬಲ್ಲವನು ಇವಳ ಕೂದಲನ್ನು ಬೆಟ್ಟದ ಗಾಳಿಗೇ ಬಿಟ್ಟ. ಅವಳು ತಾಯಿಯಾದದ್ದು ಬೆಟ್ಟದವಳಾಗಿಯೇ.

ಅದೇ ಕಾಲದ ನಾಗಾಸಾವಾ ರೊಸೆತ್ಸು 1797ರಲ್ಲಿ ಇತ್ಸುಕುಶಿಮಾ ದೇವಾಲಯಕ್ಕೆ ಹರಕೆಯಾಗಿ ಸಂದ ಫಲಕದಲ್ಲಿ ಬರೆದ ಯಮಂಬಾ ಬೇರೆ. ಸುಕ್ಕುಗಟ್ಟಿದ ಮುಖ, ಓರೆಯಾಗಿ ಇರಿಯುವ ನೋಟ, ಒಂದು ಕಾಲಕ್ಕೆ ಬೆಲೆಬಾಳುತ್ತಿದ್ದು ಈಗ ಹರಿದ ಉಡುಪು, ಪಕ್ಕದಲ್ಲಿ ಕಿಂತಾರೋ. ಇವೆರಡೂ ಒಬ್ಬಳದೇ ಚಿತ್ರ ಎಂದು ನಂಬಲು ನನಗೆ ಕಷ್ಟವಾಗುವುದಿಲ್ಲ. ಹಾಲೂಡಿಸಿದ ಹರೆಯವೂ ಮಗನನ್ನು ಸಮುರಾಯಿಗಳ ಕೈಗೆ ಒಪ್ಪಿಸಿ ಬೆಟ್ಟದಲ್ಲೇ ಉಳಿದ ಮುಪ್ಪೂ ಒಂದೇ ಬಾಳಿನಲ್ಲಿ ಬರುತ್ತವೆ. ಮಗ ಮುಂದೆ ಸಕಾತಾ ನೊ ಕಿಂತೊಕಿ ಎಂಬ ಹೆಸರಾಂತ ಯೋಧನಾದ. ತಾಯಿಯ ಒಲೆ ಬೆಟ್ಟದಲ್ಲೇ ಉರಿಯಿತು.

ಇಷ್ಟೆಲ್ಲ ಬಿಡಿಬಿಡಿಯಾಗಿ ಕಂಡ ಯಮಂಬಾಳನ್ನು ಇಡಿಯಾಗಿ ಕಂಡವರು ಜಪಾನಿನ ಹಳೆಯ ಮುಖವಾಡದ ರಂಗಪ್ರಕಾರವಾದ ನೋದಲ್ಲಿ ‘ಯಮಂಬಾ’ ಎಂಬ ನಾಟಕವನ್ನು ಬರೆದವರು. 14–15ನೆಯ ಶತಮಾನದಲ್ಲಿ ಬಾಳಿದ ಝೆಯಾಮಿಯ ಕೃತಿ ಅದು ಎನ್ನುತ್ತಾರೆ. ರಾಜಧಾನಿಯ ಒಬ್ಬ ನರ್ತಕಿ ಯಮಂಬಾಳ ಬಗ್ಗೆ ಹಾಡಿ ಕುಣಿದು ಎಷ್ಟು ಪ್ರಸಿದ್ಧಳೆಂದರೆ ಜನ ಅವಳನ್ನೇ ಹ್ಯಾಕುಮ ಯಮಂಬಾ ಎಂದು ಕರೆಯುತ್ತಾರೆ. ಅವಳು ಝೆಂಕೋಜಿ ಬೌದ್ಧ ದೇಗುಲಕ್ಕೆ ಯಾತ್ರೆ ಹೊರಟು, ಎತ್ಚೂ ಮತ್ತು ಎಚಿಗೊ ಸೀಮೆಗಳ ಗಡಿಯಲ್ಲಿ ಅಗೆರೊ ಎಂಬ ಕಡಿದಾದ ಬೆಟ್ಟದ ದಾರಿ ಹಿಡಿಯುತ್ತಾಳೆ. ಪಲ್ಲಕ್ಕಿ ಹೋಗದ ದಾರಿ, ಕಾಲ್ನಡಿಗೆಯಲ್ಲೇ ಹೋಗುತ್ತಾಳೆ. ಹೊತ್ತಲ್ಲದ ಹೊತ್ತಿನಲ್ಲಿ ಕತ್ತಲು ಕವಿಯುತ್ತದೆ. ಒಬ್ಬ ಹೆಂಗಸು ಬಂದು ನನ್ನ ಮನೆಯಲ್ಲಿ ತಂಗಿ ಎಂದು ಕರೆಯುತ್ತಾಳೆ. ಆಮೇಲೆ ಒಂದು ಬೇಡಿಕೆ ಇಡುತ್ತಾಳೆ: ಯಮಂಬಾಳ ಹಾಡು ಹಾಡು. ನಾನೇ ಅವಳು. ನನ್ನ ಹೆಸರಿನಿಂದ ನಿನಗೆ ಹೆಸರು ಬಂತು, ನೀನು ಒಮ್ಮೆಯಾದರೂ ನನ್ನನ್ನು ನೆನೆದೆಯಾ ಎಂಬುದು ಅವಳ ಮಾತಿನ ತಿರುಳು.

ಈ ಆಕ್ಷೇಪದ ಘನತೆಯನ್ನು ಗಮನಿಸಬೇಕು. ನನ್ನನ್ನು ರಕ್ಕಸಿ ಎಂದು ಹಾಡಿದೆ ಎಂದು ಅವಳು ದೂರುವುದಿಲ್ಲ. ಹಾಡು ನಿಲ್ಲಿಸು ಎನ್ನುವುದಿಲ್ಲ. ಹಾಡು, ಆದರೆ ನಾನಿದ್ದೇನೆ ಎಂದು ತಿಳಿದು ಹಾಡು, ನನ್ನ ಬಿಡುಗಡೆಗೆ ಅದು ಪ್ರಾರ್ಥನೆಯಾಗಲಿ ಎನ್ನುತ್ತಾಳೆ. ನಡುವೆ ಆ ಊರಿನ ದಾರಿಗಾರನೊಬ್ಬ ಯಮಂಬಾ ಹುಟ್ಟುವುದು ಹೇಗೆಂದು ತನಗೆ ತೋಚಿದ್ದನ್ನೆಲ್ಲ ಹೇಳುತ್ತಾನೆ: ಕಾಡುಗೆಣಸಿನಿಂದಂತೆ, ದೇಗುಲದ ಹಳೆಯ ಗಂಟೆಯಿಂದಂತೆ, ಮುರಿದ ಹೆಬ್ಬಾಗಿಲಿನಿಂದಂತೆ. ಅಷ್ಟು ಹತ್ತಿರ ಇದ್ದವನಿಗೂ ಅವಳು ಗೊತ್ತಿಲ್ಲ.

ಎರಡನೆಯ ಭಾಗದಲ್ಲಿ ಅವಳು ತನ್ನ ನಿಜರೂಪದಲ್ಲಿ ಬರುತ್ತಾಳೆ. ಈ ಪಾತ್ರಕ್ಕೆಂದೇ ಕೆತ್ತಿದ ಮುಖವಾಡ, ಇಳಿಬಿದ್ದ ಬಿಳಿಗೂದಲು, ಕೈಯಲ್ಲಿ ಎಲೆ ಸುತ್ತಿದ ಊರುಗೋಲು. ನೋ ರಂಗದ ನಡಿಗೆ ನಿಧಾನ. ಹಿಮ್ಮಡಿ ನೆಲ ಬಿಡದೆ ಪಾದ ಜಾರುತ್ತದೆ. ಆ ನಡಿಗೆಯಲ್ಲೇ ಅವಳು ತನ್ನ ದಿನಚರಿ ಹೇಳುತ್ತಾಳೆ. ವಸಂತದಲ್ಲಿ ಹೂವು ಹುಡುಕುತ್ತ, ಶರತ್ಕಾಲದಲ್ಲಿ ಬೆಳದಿಂಗಳು ಹುಡುಕುತ್ತ, ಚಳಿಗಾಲದಲ್ಲಿ ಹಿಮ ಹುಡುಕುತ್ತ ಬೆಟ್ಟದಿಂದ ಬೆಟ್ಟಕ್ಕೆ ಸುತ್ತುವುದು. ಹೊರೆ ಹೊತ್ತ ಸೌದೆಯವನು ಹೂಮರದ ನೆರಳಲ್ಲಿ ದಣಿವಾರಿಸಿಕೊಳ್ಳುವಾಗ ಆ ಹೊರೆಗೆ ತಾನು ಹೆಗಲು ಕೊಟ್ಟು ಬೆಟ್ಟ ಇಳಿಸುವುದು. ಮಗ್ಗದ ಮುಂದೆ ಕೂತ ಹೆಂಗಸಿನ ಮನೆಗೆ ಕಿಟಕಿಯಿಂದ ಬಂದು ನೂಲುವ, ನೇಯುವ ಕೆಲಸಕ್ಕೆ ಕೈ ಹಚ್ಚುವುದು. ಇಷ್ಟು ಮಾಡಿದರೂ ಜನರ ಕಣ್ಣಿಗೆ ಕಾಣುವುದಿಲ್ಲ. ಕಂಡಾಗ ಕಾಣುವುದು ರಕ್ಕಸಿ ಮಾತ್ರ.

ಮಗ್ಗದ ಈ ಮಾತು ನನ್ನ ಮನಸ್ಸಿನಲ್ಲಿ ಬಹಳ ಕಾಲದಿಂದ ಕೂತಿದೆ. ಹೊರೆ ಇವತ್ತು ಹಗುರ ಅನ್ನಿಸಿತು, ನೇಯ್ಗೆ ಬೇಗ ಸಾಗಿತು ಎಂದು ದುಡಿಯುವವರಿಗೆ ಕೆಲವು ದಿನ ಕಾರಣವಿಲ್ಲದೆ ಅನ್ನಿಸುವುದುಂಟು. ಆ ಕಾರಣವಿಲ್ಲದ ಹಗುರಕ್ಕೆ ಝೆಯಾಮಿ ಒಬ್ಬ ಹೆಂಗಸನ್ನು ಕೊಟ್ಟ. ಒಳಿತು ಕೆಡುಕು ಎರಡಲ್ಲ ಎಂದು ಆ ನಾಟಕ ಬೌದ್ಧ ತತ್ವ ಹೇಳುತ್ತದೆ. ನನಗೆ ಆ ತತ್ವ ಅವಳ ಕೈಯಲ್ಲಿ ತಿಳಿಯಿತು: ಕತ್ತಿ ಮಸೆಯುವುದೂ ಮಗ್ಗದಲ್ಲಿ ನೆರವಾಗುವುದೂ ಒಂದೇ ಕೈ.

ಇಪ್ಪತ್ತನೆಯ ಶತಮಾನದಲ್ಲಿ ಅವಳು ಊರಿಗೇ ಬಂದು ಸಂಸಾರ ಹೂಡಿದಳು. ಓಬಾ ಮಿನಾಕೊ 1976ರಲ್ಲಿ ಪ್ರಕಟಿಸಿದ ‘ಯಮಂಬಾಳ ಮುಗುಳ್ನಗೆ’ ಎಂಬ ಕತೆಯಲ್ಲಿ ಎದುರಿನವರ ಮನಸ್ಸನ್ನು ಓದಬಲ್ಲ ಬೆಟ್ಟದ ಮುದುಕಿ ಒಬ್ಬ ಸಾಧಾರಣ ಗೃಹಿಣಿಯಾಗಿದ್ದಾಳೆ. ಎಲ್ಲರ ಮನಸ್ಸೂ ಗೊತ್ತಿರುವುದರಿಂದ ಎಲ್ಲರಿಗೂ ಬೇಕಾದಂತೆ ನಡೆದು ಬಾಳು ಕಳೆಯುತ್ತಾಳೆ. ಅವಳೊಳಗೆ ಬೆಟ್ಟ ಇದೆ ಎಂದು ಮನೆಯವರಿಗೆ ತಿಳಿಯುವುದೇ ಇಲ್ಲ. ಆ ಕತೆ ಓದಿದ ಮೇಲೆ ಹಳೆಯ ಕತೆಗಳ ಯಮಂಬಾಳನ್ನು ಕಂಡರೆ ಮನಸ್ಸಿಗೆ ಸ್ವಲ್ಪ ನೆಮ್ಮದಿ. ಅವಳಿಗೆ ಚಳಿ ಇದ್ದೀತು, ಹಸಿವು ಇದ್ದೀತು. ಇನ್ನೊಬ್ಬರಿಗೆ ತಕ್ಕ ಮುಖ ಹಾಕಿಕೊಳ್ಳುವ ಕೆಲಸ ಮಾತ್ರ ಇಲ್ಲ. ಬೆಟ್ಟದ ಒಂಟಿತನಕ್ಕೆ ಅವಳು ತೆತ್ತ ಬೆಲೆ ದೊಡ್ಡದು, ಪಡೆದದ್ದೂ ಸಣ್ಣದಲ್ಲ.

ಹಾಗಾದರೆ ಯಮಂಬಾ ಎಂಥವಳು? ಹಸಿವನ್ನು ನಾಚಿಕೆಯಿಲ್ಲದೆ ಹೇಳಿಕೊಳ್ಳುವವಳು. ಒಂದು ದನಿ ಕೇಳಿದರೆ ಸಾಕು, ನಂಬಿಬಿಡುವವಳು. ಪ್ರೀತಿಯಿಂದ ತಲೆ ಮುಟ್ಟಿದವರಿಗೆ ಕೈ ಬಿಚ್ಚಿ ಕೊಡುವವಳು. ಯಾರ ಕಣ್ಣಿಗೂ ಬೀಳದೆ ದುಡಿಯುವವಳು. ಜನ ಬೇಕು, ಜನರ ನಡುವೆ ಬಾಳುವುದು ಬೇಡ ಎಂಬ ಎರಡು ಮನಸ್ಸನ್ನೂ ಪ್ರಾಮಾಣಿಕವಾಗಿ ಇಟ್ಟುಕೊಂಡವಳು. ಝೆಯಾಮಿ ಅವಳನ್ನು ಕೊಲ್ಲಿಸಲಿಲ್ಲ, ತಿದ್ದಲಿಲ್ಲ, ಮನೆಗೆ ಕರೆತಂದು ಸೊಸೆ ಮೊಮ್ಮಕ್ಕಳ ನಡುವೆ ಕೂರಿಸಲಿಲ್ಲ. ನಾಟಕದ ಕೊನೆಯಲ್ಲೂ ಅವಳು ತನ್ನ ಬೆಟ್ಟದ ಸುತ್ತನ್ನು ಮುಂದುವರಿಸಿಕೊಂಡೇ ಹೋಗುತ್ತಾಳೆ. ಒಬ್ಬರ ಸ್ವಭಾವಕ್ಕೆ ಕೊಡಬಹುದಾದ ಅತಿ ದೊಡ್ಡ ಮರ್ಯಾದೆ ಅದು ಎಂದು ನಾನು ನಂಬುತ್ತೇನೆ.

ಅವಳ ಕತೆಯನ್ನು ಮಕ್ಕಳಿಗೆ ಹೇಳುವವರು ಖಂಡಿತ ಹೇಳಲಿ. ಕತ್ತಿ ಮಸೆಯುವ ಸದ್ದನ್ನೂ ಮಾಡಲಿ, ಮಕ್ಕಳು ಹೊದಿಕೆಯೊಳಗೆ ಮುದುಡಲಿ. ಹೆದರಿಕೆಯ ಸುಖವೂ ಮಕ್ಕಳಿಗೆ ಸಲ್ಲಬೇಕು. ಆದರೆ ಹೇಳುವ ಮೊದಲು ಆ ಮುದುಕಿಗೂ ಚಳಿ ಆಗುತ್ತದೆ ಎಂಬುದನ್ನು ಒಂದು ಕ್ಷಣ ನೆನೆಯಲಿ. ಅವಳು ನರ್ತಕಿಯ ಹತ್ತಿರ ಕೇಳಿದ್ದು ಇಷ್ಟೇ. ಅವಳ ಹೆಸರಿನಲ್ಲಿ ಹಾಡಿದವರು, ಬರೆದವರು, ಕತೆ ಹೇಳಿದವರು ಎಲ್ಲರ ಮೇಲೂ ಆ ಋಣ ಇದೆ. ನನ್ನ ಮೇಲೂ ಇದೆ. ತೀರಿಸುವ ದಾರಿಯೂ ಕಷ್ಟದ್ದಲ್ಲ. ಕುದಿಯುವ ನೀರಿನ ಜಾಗ ಬಂದಾಗ ಮಗು ತಡೆದು, ಪಾಪ, ಅವಳಿಗೆ ನಾಳೆ ಬಿಸಿಲು ಬೇಕಿತ್ತಲ್ಲ ಎಂದು ಕೇಳಿದರೆ, ಹೌದು ಮಗಾ, ಬೇಕಿತ್ತು ಎಂದು ಒಪ್ಪಿಕೊಳ್ಳಬೇಕು.